ಕಬ್ಬಿನ ಹಾಲಿನ ಲೋಳೆ, ರಕ್ತನಾಳದ ಔಷಧಿ

ಕಬ್ಬಿನ ಸುಗ್ಗಿಯ ಕಾಲದಲ್ಲಿ ಶ್ರೀಮಠಕ್ಕೆ ಬರುವ ರೈತ ಭಕ್ತರು ಗಾಣದಿಂದ ಆಗತಾನೆ ಇಳಿದ ಕಬ್ಬಿನ ಹಾಲನ್ನು ಕೊಡದಲ್ಲಿ ತುಂಬಿ ತಂದು ದಾಸೋಹಕ್ಕೆ ಅರ್ಪಿಸುವುದುಂಟು. ಬಂದ ಗಳಿಗೆಯಲ್ಲಿಯೇ ಹಂಚಿದರೆ ಅದರ ರುಚಿಗೆ ಎಣೆಯಿಲ್ಲ. ಆದರೆ ಕೊಡದ ತಳದಲ್ಲಿ ಉಳಿದುದನ್ನು ಮರೆತು ಮರುದಿನ ನೋಡಿದವರಿಗೆ ಬೇರೊಂದು ದೃಶ್ಯ ಕಾಣುತ್ತದೆ. ಹಾಲು ಹುಳಿತಿರುತ್ತದೆ; ಸೌಟಿನಿಂದ ಎತ್ತಿದರೆ ನೀರಿನಂತೆ ಸುರಿಯದೆ ಎಳೆಯೆಳೆಯಾಗಿ ಜೋಲುತ್ತದೆ; ಕೊಡದ ಒಳಮೈಗೆ ಲೋಳೆ ಹತ್ತಿರುತ್ತದೆ. ತಾಯಂದಿರು ಅದನ್ನು ಚೆಲ್ಲಿ, ಕೊಡಕ್ಕೆ ಬೂದಿ ಹಾಕಿ ತಿಕ್ಕುತ್ತಾರೆ. ಚೆಲ್ಲತಕ್ಕದ್ದೇ ಸರಿ. ಆದರೂ ಆ ಲೋಳೆಯಲ್ಲಿರುವ ಪದಾರ್ಥವೊಂದು, ಶುದ್ಧಿಗೊಂಡು ಅಳತೆಗೆ ಒಳಗಾದ ಮೇಲೆ, ಎಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಮನುಷ್ಯನ ರಕ್ತನಾಳದೊಳಕ್ಕೆ ಔಷಧಿಯಾಗಿ ಹೋಗುತ್ತ ಬಂದಿದೆ. ಅದರ ಹೆಸರು ಡೆಕ್ಸ್‌ಟ್ರಾನ್. ಆಯುರ್ವೇದ ವೈದ್ಯರಾದ ನಾವು ಅದನ್ನು ಕುರಿತು ಬರೆಯಲು ಒಂದು ಕಾರಣವಿದೆ. ಅದು ನಮ್ಮದೇ ತಪ್ಪೊಂದಕ್ಕೆ ಸಂಬಂಧಿಸಿದ್ದು. ಸಂದರ್ಭ ಬಂದಾಗ ಹೇಳುತ್ತೇವೆ.

ಮೊದಲಿಗೆ ಶಾಸ್ತ್ರದ ಮಾತು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಕಬ್ಬಿನ ರಸವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಹಲ್ಲಿನಿಂದ ಜಗಿದು ಸವಿದ ರಸ ಒಂದು. ಯಂತ್ರದಿಂದ ಹಿಂಡಿದ ರಸ ಇನ್ನೊಂದು. ಮೊದಲನೆಯದು ಸಕ್ಕರೆಗೆ ಸಮಾನವಾದ ಗುಣವುಳ್ಳದ್ದು. ಎರಡನೆಯದು ದಾಹವನ್ನುಂಟುಮಾಡುವಂಥದು, ಜಡವಾದದ್ದು, ಮಲವನ್ನು ಕಟ್ಟುವಂಥದು. ಕಬ್ಬು ಒಂದೇ ಆಗಿರುವಾಗ ಗುಣ ಬೇರೆಯಾದುದೇಕೆ? ಅವರು ಕೊಡುವ ಕಾರಣಗಳು ಗಮನಾರ್ಹ: ಗಾಣದಲ್ಲಿ ಬುಡ, ತುದಿ, ಹುಳು ತಿಂದ ಭಾಗ ಎಲ್ಲವೂ ಒಟ್ಟಿಗೆ ಅರೆದುಹೋಗುತ್ತವೆ, ಕೊಳೆ ಬೆರೆಯುತ್ತದೆ, ಜೊತೆಗೆ, ಆ ರಸವನ್ನು ಸ್ವಲ್ಪ ಕಾಲ ಇಡಲಾಗುತ್ತದೆ. ಇಟ್ಟದ್ದರಿಂದ ಅದು ವಿಕಾರಗೊಳ್ಳುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ಇದನ್ನು ಓದಿ, ನಮ್ಮ ಹಿರಿಯರಿಗೆ ಸೂಕ್ಷ್ಮಾಣುಗಳ ಪರಿಚಯವಿತ್ತೆಂದು ಸಭೆಗಳಲ್ಲಿ ಸಾರುವ ನಮ್ಮ ವೃತ್ತಿಬಾಂಧವರಿದ್ದಾರೆ. ನಾವು ಆ ಗುಂಪಿಗೆ ಸೇರಿದವರಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅದು ಸಾಧ್ಯವಿರಲಿಲ್ಲ. ಆದರೆ ಕೊಳೆ ಮತ್ತು ಕಾಲ ಇವೆರಡನ್ನು ಸರಿಯಾಗಿ ಬೆರಳಿಟ್ಟು ತೋರಿಸಿದ ಅವರ ವೀಕ್ಷಣೆಯ ನಿಖರತೆಗೆ ತಲೆಬಾಗುತ್ತೇವೆ.

ಆ ವಿಕಾರದ ಕರ್ತೃವನ್ನು ಹುಡುಕಿದವರು ಹತ್ತೊಂಬತ್ತನೆಯ ಶತಮಾನದ ಯುರೋಪಿನವರು. ದ್ರಾಕ್ಷಾರಸ ಕೆಟ್ಟು ಲೋಳೆಯಾಗುವುದು ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1861ರಲ್ಲಿ ಗುರುತಿಸಿದರು. ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಶೈಬ್ಲರ್ 1874ರಲ್ಲಿ ಆ ಲೋಳೆಯ ಪದಾರ್ಥ ಶರ್ಕರ ವರ್ಗಕ್ಕೆ ಸೇರಿದ್ದೆಂದು ನಿರ್ಣಯಿಸಿ, ತನ್ನ ಮೂಲಕ ಹಾಯುವ ಬೆಳಕಿನ ಕಂಪನದ ತಲವನ್ನು ಅದು ಬಲಕ್ಕೆ ತಿರುಗಿಸುವುದನ್ನು ಕಂಡು ಡೆಕ್ಸ್‌ಟ್ರಾನ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಡೆಕ್ಸ್ಟರ್ ಎಂದರೆ ಬಲಗಡೆ. ನಮ್ಮ ದಕ್ಷಿಣ ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ನಾಲ್ಕು ವರ್ಷಗಳ ತರುವಾಯ, 1878ರಲ್ಲಿ, ಫ್ರಾನ್ಸಿನ ಫಿಲಿಪ್ ವಾನ್ ಟೀಗೆಮ್ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೆ ಲ್ಯೂಕನೋಸ್ಟಾಕ್ ಮೆಸೆಂಟೆರಾಯ್ಡಿಸ್ ಎಂದು ನಾಮಕರಣ ಮಾಡಿದರು. ಯುರೋಪಿನ ಸಕ್ಕರೆ ಕಾರ್ಖಾನೆಗಳ ಕೆಲಸಗಾರರಿಗೆ ಈ ಹೆಸರುಗಳ ಗೊಡವೆಯಿರಲಿಲ್ಲ. ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಮುದ್ದೆಯನ್ನು ಅವರು ಕಪ್ಪೆಮೊಟ್ಟೆ ಎಂದೇ ಕರೆದು ಶಪಿಸುತ್ತಿದ್ದರು. ಮಳೆಗಾಲದ ಹೊಂಡದಲ್ಲಿ ಕಪ್ಪೆಮೊಟ್ಟೆಯ ಲೋಳೆಯನ್ನು ಕಂಡವರಿಗೆ ಆ ಹೋಲಿಕೆ ಕೂಡಲೇ ತಿಳಿಯುತ್ತದೆ.

ಆ ಶಾಪ ನಮ್ಮ ನಾಡಿಗೂ ತಪ್ಪಿದ್ದಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಭಕ್ತರು ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುದನ್ನು ಕಂಡಿದ್ದೀರಿ, ಆ ಸಾಲಿನಲ್ಲಿ ರಾತ್ರಿ ಕಳೆದವರೂ ಇದ್ದೀರಿ. ಕಬ್ಬನ್ನು ಕಡಿದ ಗಳಿಗೆಯಿಂದಲೇ ಕಡಿದ ಬಾಯಿಯ ಮೂಲಕ ಈ ಬ್ಯಾಕ್ಟೀರಿಯಾ ಒಳಹೊಕ್ಕು ಸಕ್ಕರೆಯನ್ನು ತಿನ್ನತೊಡಗುತ್ತದೆ. ಸಾಲು ಉದ್ದವಾದಷ್ಟೂ, ಬಿಸಿಲು ಏರಿದಷ್ಟೂ ಲೋಳೆ ಹೆಚ್ಚುತ್ತದೆ. ಅದರಿಂದ ರಸ ಗಟ್ಟಿಯಾಗಿ ಸೋಸುವುದು ಕಷ್ಟವಾಗುತ್ತದೆ. ಸಕ್ಕರೆ ನಿಧಾನವಾಗಿ ಹರಳುಗಟ್ಟುತ್ತದೆ. ಹರಳುಗಳು ಚೌಕವಾಗದೆ ಸೂಜಿಯಂತೆ ನೀಳವಾಗುತ್ತವೆ. ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ.

ಹಾಗೆಂದು ಆ ಜೀವಿಯನ್ನು ದುಷ್ಟವೆಂದು ನಿರ್ಧರಿಸಬೇಡಿ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆ ಮೀರಿ ಉಬ್ಬುವುದಕ್ಕೆ ಪ್ರಧಾನ ಕಾರಣ ಇದೇ ಲ್ಯೂಕನೋಸ್ಟಾಕ್ ಎಂದು 1960ರ ದಶಕದ ಸಂಶೋಧನೆಗಳು ತೋರಿಸಿವೆ. ಅದು ಹೊರಬಿಡುವ ಅನಿಲವೇ ಇಡ್ಲಿಯನ್ನು ಹಗುರಗೊಳಿಸುತ್ತದೆ. ಹಿಟ್ಟಿನ ಜಿಗುಟು ಮಾತ್ರ ಬಹುಮಟ್ಟಿಗೆ ಉದ್ದಿನಬೇಳೆಯ ಸ್ವಂತ ಆಸ್ತಿ. ಅಲ್ಲಿ ಸಕ್ಕರೆಯ ಅಂಶ ಅಲ್ಪವಾದುದರಿಂದ ಡೆಕ್ಸ್‌ಟ್ರಾನ್ ಹೆಚ್ಚಾಗಿ ಹುಟ್ಟಲಾರದು. ಜೀವಿ ಅದೇ, ಆಹಾರ ಬೇರೆ, ಫಲ ಬೇರೆ.

ಸಕ್ಕರೆಯಿಂದ ಲೋಳೆ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ನಾವು ಉಣ್ಣುವ ಸಕ್ಕರೆಯ ಒಂದೊಂದು ಕಣವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಕಿರುಸಕ್ಕರೆಗಳ ಜೋಡಿ. ಬ್ಯಾಕ್ಟೀರಿಯಾ ತನ್ನ ಮೈಯಿಂದ ಹೊರಗೆ ಸ್ರವಿಸುವ ಕಿಣ್ವವೊಂದು ಆ ಜೋಡಿಯನ್ನು ಬಿಡಿಸಿ, ಫ್ರಕ್ಟೋಸನ್ನು ಬದಿಗೆ ಬಿಟ್ಟು, ಗ್ಲೂಕೋಸನ್ನು ಮಾತ್ರ ಒಂದರ ಬೆನ್ನಿಗೆ ಒಂದನ್ನು ಪೋಣಿಸುತ್ತ ಹೋಗುತ್ತದೆ. ಸಾವಿರಾರು ಮಣಿಗಳ ಸರ, ಅದಕ್ಕೆ ಅಲ್ಲಲ್ಲಿ ಕವಲು: ಇದೇ ಡೆಕ್ಸ್‌ಟ್ರಾನ್. ಅನ್ನದ ಪಿಷ್ಟವೂ ಗ್ಲೂಕೋಸಿನ ಸರವೇ. ಆದರೆ ಪಿಷ್ಟದಲ್ಲಿ ಮಣಿಗೆ ಮಣಿ ಸೇರುವ ಗಂಟು ಒಂದು ತರಹ, ಇಲ್ಲಿ ಇನ್ನೊಂದು ತರಹ. ಅನ್ನದ ಗಂಟನ್ನು ಬಿಚ್ಚಬಲ್ಲ ನಮ್ಮ ಜೊಲ್ಲಿನ ಮತ್ತು ರಕ್ತದ ಕಿಣ್ವಗಳು ಈ ಗಂಟಿನ ಮುಂದೆ ಸೋಲುತ್ತವೆ. ಈ ಸೋಲಿನಿಂದಲೇ ಅದಕ್ಕೆ ಔಷಧಿಯ ಯೋಗ್ಯತೆ ಬಂದಿತು.

ಕಳೆದ ಶತಮಾನದ ನಲವತ್ತರ ದಶಕ. ಎರಡನೆಯ ಮಹಾಯುದ್ಧದ ಕಾಲ. ಸ್ವೀಡನ್ ದೇಶದ ಉಪ್ಸಲಾ ವಿಶ್ವವಿದ್ಯಾಲಯದಲ್ಲಿ, ಮುಂದೆ 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆರ್ನೆ ಟಿಸೇಲಿಯಸ್ ಅವರ ಪ್ರಯೋಗಾಲಯವಿತ್ತು. ಆ ಶೀತದೇಶದಲ್ಲಿ ಕಬ್ಬು ಬೆಳೆಯುವುದಿಲ್ಲ. ಸಕ್ಕರೆ ಬರುವುದು ಬೀಟ್ ಗಡ್ಡೆಯಿಂದ. ಬೀಟ್ ರಸದಲ್ಲಿಯೂ ಅದೇ ಕಪ್ಪೆಮೊಟ್ಟೆಯ ಕಾಟ. ಅದನ್ನು ಪರೀಕ್ಷಿಸುತ್ತಿದ್ದ ಯುವ ವಿಜ್ಞಾನಿ ಬ್ಯೋರ್ನ್ ಇಂಗೆಲ್ಮನ್ ಮತ್ತು ವೈದ್ಯ ಆಂಡರ್ಸ್ ಗ್ರೋನ್‌ವಾಲ್ ಇಬ್ಬರಿಗೂ, ಸಕ್ಕರೆಯವರನ್ನು ಕಾಡುವ ಈ ಲೋಳೆ ರಕ್ತಸ್ರಾವವಾದವರ ನಾಳದಲ್ಲಿ ನೀರನ್ನು ಹಿಡಿದಿಡಬಲ್ಲದೇ ಎಂಬ ಯೋಚನೆ ಹೊಳೆಯಿತು.

ಆ ಯೋಚನೆಯ ಹಿನ್ನೆಲೆಯನ್ನು ತಿಳಿಯಬೇಕು. ಅಪಘಾತದಲ್ಲಾಗಲಿ ಹೆರಿಗೆಯಲ್ಲಾಗಲಿ ರಕ್ತ ಬಹಳವಾಗಿ ಹರಿದುಹೋದಾಗ, ಮೊದಲು ಪ್ರಾಣಕ್ಕೆ ಎರವಾಗುವುದು ಕೆಂಪುಕಣಗಳ ಕೊರತೆಗಿಂತ ಹೆಚ್ಚಾಗಿ ನಾಳಗಳ ಬರಿದಾಗುವಿಕೆ. ಏತದ ಬಾವಿ ಬತ್ತಿದರೆ ಎತ್ತು ಎಷ್ಟು ಬಲವಾಗಿದ್ದರೇನು? ಹೃದಯಕ್ಕೆ ಎತ್ತಿ ನೂಕಲು ದ್ರವವೇ ಇರುವುದಿಲ್ಲ. ಉಪ್ಪುನೀರನ್ನು ಏರಿಸಿದರೆ ನಾಳ ತುಂಬುತ್ತದೆ. ಆದರೆ ಅದರ ಬಹುಭಾಗ ಒಂದು ಗಂಟೆಯ ಆಸುಪಾಸಿನಲ್ಲಿ ನಾಳದ ಗೋಡೆಯನ್ನು ದಾಟಿ ಮಾಂಸದೊಳಗೆ ಜಿನುಗಿಹೋಗುತ್ತದೆ. ಸ್ವಸ್ಥ ರಕ್ತದಲ್ಲಿ ನೀರನ್ನು ಹಿಡಿದಿಡುವ ಕೆಲಸ ಆಲ್ಬುಮಿನ್ ಎಂಬ ದೊಡ್ಡ ಗಾತ್ರದ ಪ್ರೋಟೀನಿನದು. ನಾಳದ ರಂಧ್ರಗಳಲ್ಲಿ ನುಸುಳಲಾರದ ಗಾತ್ರದ, ನೀರನ್ನು ಪ್ರೀತಿಸುವ, ರಕ್ತದ ಕಿಣ್ವಗಳಿಗೆ ಬೇಗ ಕರಗದ ಪದಾರ್ಥ ಇನ್ನೊಂದು ದೊರೆತರೆ ಅದು ಆಲ್ಬುಮಿನ್ನಿನ ಕೆಲಸವನ್ನು ತಾತ್ಕಾಲಿಕವಾಗಿ ಮಾಡಬಲ್ಲದು. ಡೆಕ್ಸ್‌ಟ್ರಾನಿನ ಒಂದು ಗ್ರಾಂ ಇಪ್ಪತ್ತು ಮಿಲಿಲೀಟರಿಗಿಂತ ಹೆಚ್ಚು ನೀರನ್ನು ತನ್ನ ಸುತ್ತ ಹಿಡಿದುಕೊಳ್ಳುತ್ತದೆ.

ಆದರೆ ಕೊಡದ ಲೋಳೆಯನ್ನು ಹಾಗೆಯೇ ಏರಿಸಿದರೆ ರೋಗಿ ಉಳಿಯುವುದಿಲ್ಲ. ಅದರ ಸರ ಅತಿ ನೀಳ. ಅಣುತೂಕ ಲಕ್ಷ ಕೋಟಿಗಳ ಲೆಕ್ಕದ್ದು. ಅಷ್ಟು ದೊಡ್ಡದು ಕೆಂಪುಕಣಗಳನ್ನು ಒಂದಕ್ಕೊಂದು ಅಂಟಿಸಿ ಹರಿವನ್ನೇ ತಡೆಯುತ್ತದೆ. ತೀರ ಚಿಕ್ಕದಾಗಿಸಿದರೆ ಮೂತ್ರಪಿಂಡದಲ್ಲಿ ಸೋಸಿ ಕ್ಷಣದಲ್ಲಿ ಹೊರಹೋಗುತ್ತದೆ. ಆದುದರಿಂದ ಸರವನ್ನು ಆಮ್ಲದಿಂದ ತುಂಡರಿಸಿ, ಆಲ್ಕೋಹಾಲಿನ ಸಹಾಯದಿಂದ ಗಾತ್ರವಾರು ಬೇರ್ಪಡಿಸಿ, ನಡುವಣ ಗಾತ್ರದ್ದನ್ನು ಮಾತ್ರ ಆರಿಸಿಕೊಂಡರು. ಎಪ್ಪತ್ತು ಸಾವಿರದ ಆಸುಪಾಸಿನ ಅಣುತೂಕವುಳ್ಳದ್ದು ಡೆಕ್ಸ್‌ಟ್ರಾನ್ 70. ನಲವತ್ತು ಸಾವಿರದ್ದು ಡೆಕ್ಸ್‌ಟ್ರಾನ್ 40. ಮೊದಲನೆಯದು ನಾಳದಲ್ಲಿ ಹಲವು ಗಂಟೆ ನಿಂತು ರಕ್ತದೊತ್ತಡವನ್ನು ಕಾಯುತ್ತದೆ. ಎರಡನೆಯದು ಬೇಗ ಹೊರಹೋಗುತ್ತದೆಯಾದರೂ ಸೂಕ್ಷ್ಮನಾಳಗಳಲ್ಲಿ ರಕ್ತದ ಹರಿವನ್ನು ಸರಾಗಗೊಳಿಸುತ್ತದೆಂದು ಕತ್ತರಿಸಿದ ಬೆರಳನ್ನು ಮರುಜೋಡಿಸುವಂಥ ಶಸ್ತ್ರಚಿಕಿತ್ಸೆಗಳಲ್ಲಿ ಬಳಕೆಗೆ ಬಂದಿತು. ಶೋಧನ, ಮಾರಣ, ಮಾತ್ರೆ ಎಂಬ ಶಬ್ದಗಳನ್ನು ಗುರುಮುಖದಿಂದ ಕಲಿತ ನಮಗೆ ಈ ಕ್ರಮ ಅಪರಿಚಿತವೆನಿಸಲಿಲ್ಲ. ವತ್ಸನಾಭಿಯನ್ನೂ ನಾವು ಗೋಮೂತ್ರದಲ್ಲಿ ಶುದ್ಧಿಮಾಡದೆ ಕೊಡುವುದಿಲ್ಲವಷ್ಟೆ.

ಸ್ವೀಡನ್ನಿನ ಫಾರ್ಮೇಶಿಯಾ ಸಂಸ್ಥೆ 1947ರಲ್ಲಿ ಇದನ್ನು ಮ್ಯಾಕ್ರೊಡೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಇದೇ ಕೆಲಸವನ್ನು ಕೈಗೊಂಡವರು ಪಿಯೋರಿಯಾ ನಗರದ ಸರ್ಕಾರಿ ಕೃಷಿ ಪ್ರಯೋಗಾಲಯದ ಅಲೀನ್ ಜೀನ್ಸ್ ಎಂಬ ಮಹಿಳಾ ವಿಜ್ಞಾನಿ. ಸ್ಥಳೀಯ ಪಾನೀಯ ಕಂಪನಿಯವರು ಲೋಳೆಗಟ್ಟಿ ಕೆಟ್ಟ ತಮ್ಮ ಸರಕನ್ನು ಪರೀಕ್ಷೆಗೆ ತಂದಾಗ ಅದರಿಂದ ಆಕೆಗೆ ಡೆಕ್ಸ್‌ಟ್ರಾನ್ ತಯಾರಿಸುವ ಬ್ಯಾಕ್ಟೀರಿಯಾ ದೊರೆಯಿತು. ಕೊರಿಯಾ ಯುದ್ಧದ ಕಾಲದಲ್ಲಿ ಗಾಯಾಳುಗಳಿಗೆ ಈ ದ್ರವ ಉಪಯೋಗವಾಯಿತು. ಅಲ್ಲಿನ ಕೃಷಿ ಇಲಾಖೆಯ ವಿಶಿಷ್ಟ ಸೇವಾ ಪುರಸ್ಕಾರವನ್ನು ಪಡೆದ ಮೊದಲ ಮಹಿಳೆ ಆಕೆಯೇ, ಅದು 1953ರಲ್ಲಿ. ಮುಂದೆ 1959ರಲ್ಲಿ ಉಪ್ಸಲಾದವರು ಡೆಕ್ಸ್‌ಟ್ರಾನಿನ ಸರಗಳನ್ನು ಅಡ್ಡಡ್ಡವಾಗಿ ಹೆಣೆದು ಸೆಫಡೆಕ್ಸ್ ಎಂಬ ಸೂಕ್ಷ್ಮ ಜರಡಿಯ ಹರಳುಗಳನ್ನು ಮಾಡಿದರು. ಇನ್ಸುಲಿನ್ ಮೊದಲಾದ ಔಷಧಗಳ ಶುದ್ಧೀಕರಣದಲ್ಲಿ ಈ ಬಗೆಯ ಜರಡಿಯ ಪಾತ್ರ ದೊಡ್ಡದು.

ನಮ್ಮ ಆಸ್ಪತ್ರೆಗಳಲ್ಲಿ ಇಂದು ಆ ಬಾಟಲಿ ಮೊದಲಿನಷ್ಟು ಕಾಣುವುದಿಲ್ಲ. ಅದಕ್ಕೆ ಸಕಾರಣವಿದೆ. ಡೆಕ್ಸ್‌ಟ್ರಾನ್ ರಕ್ತವಲ್ಲ, ಅದು ಪ್ರಾಣವಾಯುವನ್ನು ಒಯ್ಯಲಾರದು. ಅಳತೆ ಮೀರಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕುಂದಿಸಿ ಸ್ರಾವವನ್ನು ಹೆಚ್ಚಿಸುತ್ತದೆ. ದೇಹದಲ್ಲಿ ನೀರಿನಂಶ ಬತ್ತಿರುವವರ ಮೂತ್ರಪಿಂಡಕ್ಕೆ ಅಪಾಯ ತರಬಲ್ಲದು. ಕೆಂಪುಕಣಗಳಿಗೆ ಅಂಟಿಕೊಂಡು ರಕ್ತದ ಹೊಂದಾಣಿಕೆಯ ಪರೀಕ್ಷೆಯನ್ನು ಗೊಂದಲಗೊಳಿಸುವುದರಿಂದ, ಬಾಟಲಿ ತೂಗುಹಾಕುವ ಮುನ್ನವೇ ಪರೀಕ್ಷೆಗೆ ರಕ್ತ ತೆಗೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿರಳವಾಗಿಯಾದರೂ ಕೆಲವರಲ್ಲಿ ತೀವ್ರವಾದ ಅಲರ್ಜಿ ಉಂಟಾಗಿ ರಕ್ತದೊತ್ತಡ ಕುಸಿಯುತ್ತದೆ. ಮೊದಲ ಸಲ ಪಡೆದವರಲ್ಲಿಯೂ ಇದು ಕಂಡದ್ದರಿಂದ ವೈದ್ಯರು ಚಕಿತರಾದರು. ಇಂಥದೇ ಸರಗಳನ್ನು ನಮ್ಮ ಬಾಯಿಯ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಸದಾ ನೇಯುತ್ತಿರುವುದರಿಂದ ದೇಹಕ್ಕೆ ಮುಂಚೆಯೇ ಅದರ ಪರಿಚಯವಿರುತ್ತದೆ, ಕೆಲವರಲ್ಲಿ ಆ ಪರಿಚಯ ಹಗೆತನವಾಗಿರುತ್ತದೆ ಎಂಬುದು ಆಮೇಲೆ ತಿಳಿಯಿತು. ಅದಕ್ಕೆ ಸ್ವೀಡನ್ನಿನವರು ಕಂಡ ಉಪಾಯ ಸ್ವಾರಸ್ಯಕರ: ಡೆಕ್ಸ್‌ಟ್ರಾನಿನ ಅತಿ ಚಿಕ್ಕ ತುಂಡುಗಳನ್ನು ಒಂದೆರಡು ನಿಮಿಷ ಮುಂಚಿತವಾಗಿ ಕೊಟ್ಟು, ಹಗೆಯ ಕೈಗಳನ್ನೆಲ್ಲ ಅವುಗಳಿಂದ ತುಂಬಿಸಿಬಿಡುವುದು. ಈಗ ಸಾಮಾನ್ಯವಾಗಿ ಮೊದಲು ಲವಣದ್ರಾವಣ, ತರುವಾಯ ರಕ್ತವೇ ಚಿಕಿತ್ಸೆ. ಭಕ್ತರು ರಕ್ತದಾನ ಮಾಡಬೇಕೆಂದು ನಾವು ಆಗಾಗ ಹೇಳುವುದು ಈ ಕಾರಣದಿಂದಲೇ: ಯಾವ ಕಾರ್ಖಾನೆಯ ಬಾಟಲಿಯೂ ಕೆಂಪುಕಣವನ್ನು ತಯಾರಿಸಲಾರದು.

ಬಾಯಿಯ ಮಾತು ಬಂದುದರಿಂದ ಒಂದು ಪಕ್ಕದ ವಿಚಾರ. ಮಕ್ಕಳು ಪೆಪ್ಪರಮಿಂಟನ್ನೋ ಬೆಲ್ಲವನ್ನೋ ಕಚ್ಚಿ ಹಾಗೆಯೇ ಮಲಗಿದರೆ, ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಆ ಸಕ್ಕರೆಯಿಂದಲೇ ಡೆಕ್ಸ್‌ಟ್ರಾನಿನ ಬಂಧುಗಳಾದ ಅಂಟುಸರಗಳನ್ನು ನೇಯ್ದು ಹಲ್ಲಿಗೆ ಅಂಟಿಕೊಳ್ಳುತ್ತದೆ. ಆ ಅಂಟಿನ ಮರೆಯಲ್ಲಿ ಕುಳಿತು ಆಮ್ಲವನ್ನು ಸುರಿಸಿ ಹಲ್ಲನ್ನು ಕೊರೆಯುತ್ತದೆ. ಬಾಯಿ ಮುಕ್ಕಳಿಸಿದ ಮಾತ್ರಕ್ಕೆ ಆ ಅಂಟು ಹೋಗದು. ಉಜ್ಜಲೇಬೇಕು, ಅದೂ ರಾತ್ರಿ ಮಲಗುವ ಮುನ್ನ.

ನಮ್ಮ ಭಕ್ತರಲ್ಲಿ ಅನೇಕರು ಕೇಳುವ ಇನ್ನೊಂದು ಪ್ರಶ್ನೆ, ಔಷಧಿ ಪ್ರಾಣಿಜನ್ಯವೇ ಎಂಬುದು. ರಕ್ತದ ಬದಲಿಗೆ ಬಳಸುವ ದ್ರವಗಳಲ್ಲಿ ದನದ ಎಲುಬಿನ ಜೆಲಟಿನ್‌ನಿಂದ ಮಾಡಿದವೂ ಇವೆ. ಡೆಕ್ಸ್‌ಟ್ರಾನ್ ಅಂಥದಲ್ಲ, ಅದರ ಮೂಲ ಸಕ್ಕರೆ. ಆದರೆ ಜೀವ ಹೋಗುವ ಗಳಿಗೆಯಲ್ಲಿ ಬಾಟಲಿಯ ಕುಲಗೋತ್ರ ವಿಚಾರಿಸುತ್ತ ನಿಲ್ಲಬಾರದೆಂಬುದು ನಮ್ಮ ಅಭಿಪ್ರಾಯ. ವೈದ್ಯರು ಏನು ಏರಿಸುತ್ತಾರೋ ಏರಿಸಲಿ.

ನಾಳದಿಂದ ಕಣ್ಣಿಗೆ ಬರೋಣ. ಒಣಗಿದ ಕಣ್ಣಿಗೆ ಹಾಕುವ ಕೃತಕ ಕಣ್ಣೀರಿನ ಹನಿಗಳಲ್ಲಿ ಕೆಲವಕ್ಕೆ ಡೆಕ್ಸ್‌ಟ್ರಾನ್ 70 ಸೇರಿರುತ್ತದೆ. ಸೀಸೆಯ ಮೇಲಿನ ಬರಹವನ್ನು ಓದಿದರೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ನೇತ್ರದಾನದಲ್ಲಿ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತಿಳಿಯಾಗಿರುವುದು, ಅದರ ಒಳಪದರದ ಜೀವಕೋಶಗಳು ನೀರನ್ನು ಸದಾ ಹೊರಗೆ ಎತ್ತಿಹಾಕುತ್ತಿರುವುದರಿಂದ. ಮರಣಾನಂತರ ಆ ಏತ ನಿಲ್ಲುತ್ತದೆ. ಪಟಲ ನೀರು ಕುಡಿದು ಬಾತು ಮಸುಕಾಗುತ್ತದೆ. ಮ್ಯಾಕ್‌ಕೇರಿ ಮತ್ತು ಕೌಫ್‌ಮನ್ ಎಂಬ ಅಮೆರಿಕದ ವಿಜ್ಞಾನಿಗಳು 1974ರಲ್ಲಿ ರೂಪಿಸಿದ ಸಂರಕ್ಷಣ ದ್ರವದಲ್ಲಿ ಡೆಕ್ಸ್‌ಟ್ರಾನ್ ಉಂಟು. ಅದು ನೀರನ್ನು ತನ್ನ ಬಳಿಯೇ ಹಿಡಿದುಕೊಂಡು ಪಟಲ ಬಾಯದಂತೆ ತಡೆಯುತ್ತದೆ. ನಮ್ಮ ದೇಶದ ಅನೇಕ ನೇತ್ರಭಂಡಾರಗಳಲ್ಲಿ ಎಂ.ಕೆ. ಮೀಡಿಯಂ ಎಂದು ಕರೆಯಲ್ಪಡುವ ಈ ದ್ರವದಲ್ಲಿ ಕಾರ್ನಿಯಾವನ್ನು ಶೀತದಲ್ಲಿ ಸುಮಾರು ನಾಲ್ಕು ದಿನ ಕಾಪಾಡಬಹುದು. ಅಷ್ಟರೊಳಗೆ ದೂರದ ಊರಿನ ಅಂಧನೊಬ್ಬನನ್ನು ಕರೆಸಿಕೊಳ್ಳಬಹುದು. ಡಾ. ರಾಜಕುಮಾರ್ 2006ರಲ್ಲಿ, ಪುನೀತ್ ರಾಜಕುಮಾರ್ 2021ರಲ್ಲಿ ಅಗಲಿದಾಗ ಅವರ ನೇತ್ರಗಳು ದಾನವಾದುದನ್ನು ನಾಡೇ ಬಲ್ಲದು. ಲಿಂಗೈಕ್ಯರಾದವರನ್ನು ಸಮಾಧಿ ಮಾಡುವ ನಮ್ಮ ಸಂಪ್ರದಾಯಕ್ಕೂ ನೇತ್ರದಾನಕ್ಕೂ ವಿರೋಧವಿಲ್ಲ. ಆರು ಗಂಟೆಯೊಳಗೆ ನೇತ್ರಭಂಡಾರಕ್ಕೆ ತಿಳಿಸಬೇಕು. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಒದ್ದೆ ಹತ್ತಿಯನ್ನಿಟ್ಟು, ತಲೆಯನ್ನು ಸ್ವಲ್ಪ ಎತ್ತರಿಸಿ, ಫ್ಯಾನನ್ನು ನಿಲ್ಲಿಸಬೇಕು. ಅವರ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ.

ಇನ್ನು ನಾವು ಮೊದಲಲ್ಲಿ ಸೂಚಿಸಿದ ವಿಷಯ. ಇದು ಕಬ್ಬಿಣಕ್ಕೆ ಸಂಬಂಧಿಸಿದ್ದು.

ರಕ್ತಹೀನತೆಗೆ ಕಬ್ಬಿಣವೇ ಔಷಧವೆಂಬುದರಲ್ಲಿ ಆಯುರ್ವೇದಕ್ಕೂ ಆಧುನಿಕ ವೈದ್ಯಕ್ಕೂ ಭಿನ್ನಾಭಿಪ್ರಾಯವಿಲ್ಲ. ಪಾಂಡುರೋಗಕ್ಕೆ ನವಾಯಸ ಲೋಹ, ಪುನರ್ನವಾ ಮಂಡೂರ, ಲೋಹಾಸವ ಇವುಗಳನ್ನು ನಾವು ಇಂದಿಗೂ ಕೊಡುತ್ತೇವೆ. ಆದರೆ ಹೊಟ್ಟೆಯ ದಾರಿಯಲ್ಲಿ ಕಬ್ಬಿಣ ಏರುವುದು ನಿಧಾನ. ಬೇಗ ಏರಿಸಬೇಕೆಂದು ಕಬ್ಬಿಣದ ಲವಣವನ್ನು ನೇರವಾಗಿ ನಾಳಕ್ಕೆ ಬಿಟ್ಟರೆ ಅದು ವಿಷವೇ ಸರಿ. ಡೆಕ್ಸ್‌ಟ್ರಾನಿನ ಸರಗಳನ್ನು ಕಬ್ಬಿಣದ ಕಣದ ಸುತ್ತ ಕವಚದಂತೆ ತೊಡಿಸಿದರೆ ವಿಷ ಅಡಗುತ್ತದೆ, ಯಕೃತ್ತು ಪ್ಲೀಹಗಳ ಕೋಶಗಳು ಆ ಕವಚವನ್ನು ನಿಧಾನವಾಗಿ ಬಿಚ್ಚಿ ಒಳಗಿನ ಕಬ್ಬಿಣವನ್ನು ಬೇಕಾದಂತೆ ಹಂಚುತ್ತವೆ ಎಂಬುದನ್ನು 1950ರ ದಶಕದಲ್ಲಿ ಬ್ರಿಟನ್ನಿನವರು ಸಾಧಿಸಿದರು. ಇಂಫೆರಾನ್ ಎಂಬ ಹೆಸರಿನ ಆ ಕಡುಕಂದು ಬಣ್ಣದ ಸೂಜಿಮದ್ದು ನಮ್ಮ ತಾಯಂದಿರ ತಲೆಮಾರಿಗೆ ನೆನಪಿರಬಹುದು. ಒಂದು ಮಿಲಿಲೀಟರಿನಲ್ಲಿ ಐವತ್ತು ಮಿಲಿಗ್ರಾಂ ಕಬ್ಬಿಣ. ಪಿರ್ರೆಯ ಮಾಂಸದೊಳಕ್ಕೆ ಆಳವಾಗಿ ಚುಚ್ಚಬೇಕು. ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿಯದಿದ್ದರೆ ವರ್ಷಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಇದಕ್ಕೂ ಅಲರ್ಜಿಯ ಭಯವುಂಟು. ಆದುದರಿಂದ ಮೊದಲು ಸ್ವಲ್ಪವೇ ಕೊಟ್ಟು ಕಾದು ನೋಡಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಉಳಿದುದನ್ನು ಕೊಡಬೇಕೆಂಬ ನಿಯಮ.

1980ರ ದಶಕದ ಕೊನೆಯ ವರ್ಷಗಳು. ನಾವು ತಾಲ್ಲೂಕು ಕೇಂದ್ರವೊಂದರಲ್ಲಿ ಔಷಧಾಲಯ ತೆರೆದು ಎರಡು ಮೂರು ವರ್ಷಗಳಾಗಿದ್ದವು. ಐದು ತಿಂಗಳ ಗರ್ಭಿಣಿಯೊಬ್ಬಳನ್ನು ಆಕೆಯ ಅತ್ತೆ ಕರೆತಂದರು. ಹಿಮೋಗ್ಲೋಬಿನ್ ಏಳು ಗ್ರಾಮಿಗಿಂತ ಕೆಳಗಿತ್ತು. ಅಲೋಪಥಿ ವೈದ್ಯರು ಆ ಕಂದು ಸೂಜಿಯನ್ನು ಸೂಚಿಸಿದ್ದರು. ಅದು ಬ್ಯಾಕ್ಟೀರಿಯಾದ ಲೋಳೆಯಿಂದ ಮಾಡಿದ್ದಂತೆ, ಹುಡುಗಿಯೊಬ್ಬಳು ಸೂಜಿಯಾದ ಕೂಡಲೇ ಪ್ರಜ್ಞೆ ತಪ್ಪಿದಳಂತೆ ಎಂದು ಅತ್ತೆಯವರು ಅಂಜಿದ್ದರು. ನಾವು ಆ ಅಂಜಿಕೆಯನ್ನು ತಿದ್ದಬೇಕಾಗಿತ್ತು. ತಿದ್ದಲಿಲ್ಲ. ಲೋಳೆಯ ಸೂಜಿ ಬೇಡವೇ ಬೇಡ, ಶಾಸ್ತ್ರದಲ್ಲಿ ಲೋಹವಿದೆ, ನಾವು ಗುಣಪಡಿಸುತ್ತೇವೆ ಎಂದೆವು. ಯೌವನದ ಅಹಂಕಾರ ಅದರಲ್ಲಿತ್ತು. ನಮ್ಮ ಪದ್ಧತಿಯೇ ಮೇಲೆಂದು ತೋರಿಸುವ ಚಪಲವೂ ಇತ್ತು. ಮಂಡೂರ ಕೊಟ್ಟೆವು. ಆಕೆಗೆ ವಾಂತಿ, ಔಷಧ ನಿಲ್ಲುತ್ತಿರಲಿಲ್ಲ. ತಿಂಗಳಿಗೊಮ್ಮೆ ಬಂದಾಗ ನಾಲಗೆಯನ್ನೂ ರೆಪ್ಪೆಯನ್ನೂ ನೋಡಿ ಸುಧಾರಿಸಿದೆಯೆಂದು ನಂಬಿದೆವೇ ಹೊರತು ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಲಿಲ್ಲ. ಎಂಟನೆಯ ತಿಂಗಳಲ್ಲಿ ಆಕೆ ಕಾಲು ಬಾತು, ಮಲಗಿದರೆ ಉಸಿರು ಕಟ್ಟುವ ಸ್ಥಿತಿಯಲ್ಲಿ ಬಂದಳು. ಜಿಲ್ಲಾ ಕೇಂದ್ರಕ್ಕೆ ಜೀಪಿನಲ್ಲಿ ನಾವೇ ಕರೆದೊಯ್ದೆವು. ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಅಲ್ಲಿಯ ವೈದ್ಯರು ನಮ್ಮನ್ನು ಗದರಲಿಲ್ಲ. ಎಷ್ಟು ತಿಂಗಳಿಂದ ನೀವು ನೋಡುತ್ತಿದ್ದಿರಿ ಎಂದಷ್ಟೇ ಕೇಳಿದರು. ಆಕೆಯ ತಮ್ಮನ ರಕ್ತ ಹೊಂದಿತು. ನಿಧಾನವಾಗಿ ರಕ್ತ ಏರಿಸಿದರು. ಅವಧಿಗೆ ಮುನ್ನ ಹೆರಿಗೆಯಾಗಿ ಕಡಿಮೆ ತೂಕದ ಗಂಡುಮಗು ಹುಟ್ಟಿತು. ಇಬ್ಬರೂ ಉಳಿದರು. ನಮ್ಮ ಔಷಧಿಯಿಂದ ಉಳಿದದ್ದಲ್ಲ.

ಅಂದಿನಿಂದ ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆಯಿರುವ ಗರ್ಭಿಣಿಯನ್ನು ನಾವು ನಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹನ್ನೊಂದಕ್ಕಿಂತ ಕೆಳಗಿದ್ದರೇ ಗರ್ಭಿಣಿಯಲ್ಲಿ ಅದು ರಕ್ತಹೀನತೆ. ಏಳಕ್ಕಿಂತ ಕೆಳಗೆ ತೀವ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಎಂದರೆ ಇದನ್ನು ಓದುವ ಮನೆಗಳಲ್ಲಿಯೂ ಅಂಥವರು ಇರುವ ಸಂಭವ ಹೆಚ್ಚು. ಸೌಮ್ಯವಾಗಿದ್ದರೆ ಸರ್ಕಾರದ ಕಬ್ಬಿಣದ ಮಾತ್ರೆಯೋ ನಮ್ಮ ಲೋಹಕಲ್ಪವೋ ಸಾಕಾಗಬಹುದು. ಯಾವುದನ್ನು ತೆಗೆದುಕೊಂಡರೂ ಊಟದ ಜೊತೆಗಿನ ಚಹಾವನ್ನು ಬಿಡಬೇಕು, ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಲೇಬೇಕು. ಏರದಿದ್ದರೆ ಸೂಜಿಗೆ ಅಂಜಬಾರದು. ಕಬ್ಬಿಣದ ಸೂಜಿಯನ್ನು ಗರ್ಭದ ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಮನೆಗೆ ಕರೆಸಿ ಹಾಕಿಸಿಕೊಳ್ಳುವಂಥದ್ದೂ ಅಲ್ಲ, ಆಸ್ಪತ್ರೆಯಲ್ಲಿಯೇ ಆಗಬೇಕು. ಮುಂಚೆ ಯಾವುದಾದರೂ ಸೂಜಿಗೆ ಮೈ ತುರಿಸಿದ್ದರೆ, ಉಬ್ಬಸವಿದ್ದರೆ ಮೊದಲೇ ಹೇಳಬೇಕು.

ಡೆಕ್ಸ್‌ಟ್ರಾನಿನ ಕವಚದ ಸ್ಥಾನದಲ್ಲಿ ಈಗ ಹೆಚ್ಚಾಗಿ ಬೇರೆ ಕವಚಗಳು ಬಂದಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲವಣದ್ರಾವಣದಲ್ಲಿ ಬೆರೆಸಿ ಏರಿಸುವ ಐರನ್ ಸುಕ್ರೋಸ್‌ನಲ್ಲಿ ಕಬ್ಬಿಣವನ್ನು ಹಿಡಿದಿರುವುದು ಬ್ಯಾಕ್ಟೀರಿಯಾ ನೇಯ್ದ ಸರವಲ್ಲ, ಸಾಕ್ಷಾತ್ ಸಕ್ಕರೆಯೇ. ಅದರಿಂದ ಅಲರ್ಜಿ ಬಹಳ ಕಡಿಮೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇನ್ನೊಂದನ್ನು ಒಂದೇ ಸಲಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಡಬಹುದು.

ಕಳೆದ ವರ್ಷ ಆ ತಾಯಿ ನಮ್ಮಲ್ಲಿಗೆ ಬಂದಿದ್ದರು. ಈಗ ಆಕೆಯೇ ಅತ್ತೆ. ಅಂದು ಅವಧಿಗೆ ಮುನ್ನ ಹುಟ್ಟಿದ ಮಗನ ಹೆಂಡತಿಗೆ ಆರು ತಿಂಗಳು, ಹಿಮೋಗ್ಲೋಬಿನ್ ಆರೂವರೆ. ಆಸ್ಪತ್ರೆಯ ಚೀಟಿಯನ್ನು ನಮ್ಮ ಮುಂದಿಟ್ಟು, ಇದು ಆಗಿನ ಲೋಳೆಯ ಸೂಜಿಯೇ ಎಂದು ಕೇಳಿದರು. ಇದು ಅದಲ್ಲ, ಅದೇ ಆಗಿದ್ದರೂ ನಾವು ಬೇಡವೆನ್ನುತ್ತಿರಲಿಲ್ಲ ಎಂದೆವು. ಆಕೆ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು, ಸೊಸೆಯನ್ನು ಕರೆದುಕೊಂಡು ಬಸ್ಸಿನ ಹೊತ್ತಾಯಿತೆಂದು ಎದ್ದರು.